ಒಂಬತ್ತು ಗುರುವಾರ ಮುಗೀತು, ಮಗ ಇನ್ನೂ ಪೂಜೆಗೆ ಬರಲಿಲ್ಲ

ಈ ತಿಂಗಳು ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಓದಿದೆ. ಕಥೋಲಿಕರು ಬರೆದಿದ್ದಾರೆ, ಪ್ರೊಟೆಸ್ಟೆಂಟ್ ಸಭೆಯಾದ ಸಿಎಸ್‌ಐನವರೂ ಬರೆದಿದ್ದಾರೆ. ಕೇಳಿರುವುದು ಮಾತ್ರ ಹೆಚ್ಚುಕಡಿಮೆ ಒಂದೇ ವಿಷಯ, ತಾಯಿ ಮಕ್ಕಳಿಗಾಗಿ ಮಾಡುವ ಪ್ರಾರ್ಥನೆ. ನಾನು ಬೆಂಗಳೂರಿನ ಒಂದು ಧರ್ಮಕೇಂದ್ರದಲ್ಲಿ ಮೂವತ್ತು ವರ್ಷ ಧರ್ಮೋಪದೇಶ ಕಲಿಸಿದವಳು. ಈಗ ಕುಟುಂಬಗಳ ಜೊತೆ ಕೂತು ಮಾತಾಡುವ ಕೆಲಸ. ಆ ಅನುಭವದಿಂದಲೇ ಉತ್ತರ ಕೊಡುತ್ತೇನೆ.

ಪ್ರಶ್ನೆ: ಮಗನಿಗೆ 26 ವರ್ಷ, ವೈಟ್‌ಫೀಲ್ಡಿನಲ್ಲಿ ಕೆಲಸ. ಮೂರು ವರ್ಷದಿಂದ ಭಾನುವಾರದ ಪೂಜೆಗೆ ಬರುತ್ತಿಲ್ಲ. ‘ನಂಗೆ ನಂಬಿಕೆ ಇಲ್ಲಮ್ಮ, ಬಲವಂತ ಮಾಡ್ಬೇಡ’ ಅನ್ನುತ್ತಾನೆ. ದಿನಾ ಜಪಸರ ಹೇಳುತ್ತೇನೆ. ವಿವೇಕನಗರದ ಬಾಲಯೇಸುವಿನ ಹತ್ತಿರ ಒಂಬತ್ತು ಗುರುವಾರ ಹೋಗಿ ಬಂದೆ. ಏನೂ ಆಗಲಿಲ್ಲ. ನನ್ನ ಪ್ರಾರ್ಥನೆಯಲ್ಲಿ ಏನು ಕೊರತೆ?
(ಒಬ್ಬ ತಾಯಿ, ಕಮ್ಮನಹಳ್ಳಿ)

ಕೊರತೆ ಹುಡುಕುವುದನ್ನು ಮೊದಲು ಬಿಡಿ ಅಮ್ಮ. ಒಂಬತ್ತು ಗುರುವಾರ ಅಂದರೆ ಕಂತು ಕಟ್ಟಿದ ಹಾಗಲ್ಲ, ಕೊನೇ ಕಂತು ಮುಗಿದ ಕೂಡಲೇ ಸಾಮಾನು ಮನೆಗೆ ಬರೋದಕ್ಕೆ. ನೊವೆನಾಗೆ, ಅಂದರೆ ಒಂಬತ್ತು ಸಲ ಮಾಡುವ ಈ ಪ್ರಾರ್ಥನೆಗೆ, ಒಂಬತ್ತು ಎಂಬ ಲೆಕ್ಕ ಬಂದದ್ದೇ ಕಾಯುವುದರಿಂದ. ಯೇಸು ಸ್ವರ್ಗಕ್ಕೆ ಏರಿಹೋದ ಮೇಲೆ ಶಿಷ್ಯರೂ ಮರಿಯಮ್ಮನವರೂ ಜೆರುಸಲೇಮಿನ ಮಾಳಿಗೆಯಲ್ಲಿ ಪವಿತ್ರಾತ್ಮರಿಗಾಗಿ ಕಾದರಲ್ಲ, ಆ ದಿನಗಳು ಅವು.

ಸಂತ ಮೋನಿಕಾಳ ಹೆಸರು ನಿಮಗೆ ಗೊತ್ತೇ ಇರುತ್ತದೆ. ಅತ್ತು ಅತ್ತು ಮಗನನ್ನು ದೇವರ ಕಡೆ ತಿರುಗಿಸಿದಳು ಅಂತ ಪ್ರವಚನದಲ್ಲಿ ಎರಡು ಮಾತಿಗೆ ಮುಗಿಸಿಬಿಡುತ್ತಾರೆ. ಆಕೆಯ ಕಥೆ ಅಷ್ಟು ಸಲೀಸಾಗಿರಲಿಲ್ಲ. ಊರು ಉತ್ತರ ಆಫ್ರಿಕಾದ ತಗಾಸ್ತೆ, ಈಗಿನ ಅಲ್ಜೀರಿಯಾದಲ್ಲಿದೆ. ಮಗ ಆಗಸ್ಟೀನ್ ಹುಟ್ಟಿದ್ದು 354ರಲ್ಲಿ. ಹತ್ತೊಂಬತ್ತರ ಹೊತ್ತಿಗೆ ಹುಡುಗ ತಾಯಿಯ ಕ್ರೈಸ್ತ ನಂಬಿಕೆ ಬಿಟ್ಟು ಮಾನಿ ಎಂಬಾತನ ಪಂಥಕ್ಕೆ ಸೇರಿಕೊಂಡ. ಆಗ ಮೋನಿಕಾ ಮಾಡಿದ್ದು ನಮ್ಮಲ್ಲೂ ಕೆಲವರು ಮಾಡುವ ಕೆಲಸವೇ. ಮಗನನ್ನು ಮನೆಗೆ ಸೇರಿಸಲಿಲ್ಲ, ಜೊತೆಗೆ ಊಟಕ್ಕೆ ಕೂರಿಸಲಿಲ್ಲ. ಆಮೇಲೆ ಒಂದು ಕನಸು ಬಿತ್ತು. ಅದರಲ್ಲಿ ಮಗ ತನ್ನ ಪಕ್ಕದಲ್ಲೇ ನಿಂತಿದ್ದ. ಅದಾದ ಮೇಲೆ ಅವನನ್ನು ಮತ್ತೆ ಮನೆಗೆ ಕರೆದುಕೊಂಡಳು. ಮಗ ಇದ್ದ ಹಾಗೇ ಇದ್ದ. ಬದಲಾದವಳು ತಾಯಿ.

ಒಬ್ಬ ಧರ್ಮಾಧ್ಯಕ್ಷರ (ಬಿಷಪ್) ಹತ್ತಿರ ಹೋಗಿ, ನೀವೇ ಅವನಿಗೆ ಬುದ್ಧಿ ಹೇಳಿ ಎಂದು ಗಂಟುಬಿದ್ದಳು. ಅವರೂ ಚಿಕ್ಕಂದಿನಲ್ಲಿ ಅದೇ ಪಂಥದಲ್ಲಿ ಬೆಳೆದವರು. ಅವನಿಗೆ ಈಗ ವಾದ ಬೇಡ, ಓದುತ್ತಾ ಓದುತ್ತಾ ತಾನೇ ತಿಳಿದುಕೊಳ್ಳುತ್ತಾನೆ, ನೀನು ಅವನಿಗಾಗಿ ಬೇಡಿಕೊ ಅಂದರು. ಆಕೆ ಬಿಡಲಿಲ್ಲ. ಕೊನೆಗೆ ಅವರಿಗೆ ಸಾಕಾಗಿ, ‘ಹೋಗಮ್ಮ, ಇಷ್ಟು ಕಣ್ಣೀರಿನ ಮಗ ಹಾಳಾಗೋದಕ್ಕೆ ಸಾಧ್ಯವಿಲ್ಲ’ ಎಂದರು. ಈ ಮಾತನ್ನು ಇವತ್ತು ನಾವು ಚೆಂದದ ಚಿತ್ರದ ಕೆಳಗೆ ಅಚ್ಚು ಹಾಕಿಸುತ್ತೇವೆ. ಅವರು ಅದನ್ನು ಹೇಳಿದ್ದು ರೇಗಿಕೊಂಡು!

ನನ್ನನ್ನು ಜಾಸ್ತಿ ಕಾಡುವುದು 383ರ ಒಂದು ರಾತ್ರಿ. ಆಗಸ್ಟೀನ್ ಕಾರ್ತೇಜಿನಿಂದ ರೋಮಿಗೆ ಹೊರಟಿದ್ದ. ತಾಯಿ ಕಡಲ ತೀರದವರೆಗೂ ಹಿಂದೆ ಬಂದಳು. ಹೋಗಬೇಡ, ಹೋಗುವುದಾದರೆ ನನ್ನನ್ನೂ ಕರೆದುಕೊಂಡು ಹೋಗು ಎಂದು ಹಿಡಿದುಕೊಂಡಳು. ಮಗ ಸುಳ್ಳು ಹೇಳಿದ. ಸ್ನೇಹಿತ ಹೊರಟಿದ್ದಾನೆ, ಗಾಳಿ ಬೀಸುವ ತನಕ ಅವನ ಜೊತೆ ಇರುತ್ತೇನೆ ಅಂದ. ಹತ್ತಿರದಲ್ಲಿ ಸಂತ ಸಿಪ್ರಿಯಾನರ ಗುಡಿ ಇತ್ತು. ಮೋನಿಕಾ ರಾತ್ರಿ ಅಲ್ಲೇ ಉಳಿದು ಪ್ರಾರ್ಥಿಸಿದಳು, ದೇವರೇ ಅವನು ಹಡಗು ಹತ್ತದೇ ಇರಲಿ ಅಂತ. ಬೆಳಗಾಗುವಷ್ಟರಲ್ಲಿ ಹಡಗು ಹೋಗಿಬಿಟ್ಟಿತ್ತು.

ಮಗ ಆ ರೋಮಿನಿಂದಲೇ ಮಿಲಾನಿಗೆ ಹೋದ. ಅಲ್ಲಿ ಧರ್ಮಾಧ್ಯಕ್ಷ ಅಂಬ್ರೋಸರ ಪ್ರವಚನ ಕೇಳಿದ. 387ರ ಈಸ್ಟರ್ ಜಾಗರಣೆಯಲ್ಲಿ ಅವರ ಕೈಯಿಂದಲೇ ದೀಕ್ಷಾಸ್ನಾನ ಪಡೆದ. ಆಗ ಅವನಿಗೆ 32 ವರ್ಷ. ಅವನೇ ಮುಂದೆ ಬರೆದುಕೊಂಡ ಪ್ರಕಾರ, ತಾಯಿ ಆ ರಾತ್ರಿ ಕೇಳಿದ್ದನ್ನು ದೇವರು ಕೊಡಲಿಲ್ಲ, ಯಾವಾಗಲೂ ಕೇಳುತ್ತಿದ್ದದ್ದನ್ನು ಕೊಡಬೇಕಿತ್ತಲ್ಲ, ಅದಕ್ಕೆ. ನಿಮ್ಮ ಮಗನಿಗೆ ವೈಟ್‌ಫೀಲ್ಡೇ ಆ ಹಡಗು ಆಗಿರಬಹುದು. ಆಗದೆಯೂ ಇರಬಹುದು. ಇಂಥ ವಿಷಯದಲ್ಲಿ ಗ್ಯಾರಂಟಿ ಕೊಡುವವರನ್ನು ನಾನಂತೂ ನಂಬುವುದಿಲ್ಲ.

ಒಂದು ಮಾತು ಇಲ್ಲೇ ಸೇರಿಸುತ್ತೇನೆ, ಪ್ರವಚನದಲ್ಲಿ ಇದು ಬರುವುದಿಲ್ಲ. ದೀಕ್ಷಾಸ್ನಾನಕ್ಕೆ ಮುಂಚೆ, ಮಗನ ಹಿಂದೆಯೇ ಮಿಲಾನಿಗೆ ಬಂದಿದ್ದ ಮೋನಿಕಾ ಮುಂದೆ ನಿಂತು ಮಗನಿಗೆ ಸಂಬಂಧ ಗೊತ್ತು ಮಾಡಿದಳು. ಅದಕ್ಕೋಸ್ಕರ ಅವನ ಜೊತೆ ಹತ್ತು ವರ್ಷಕ್ಕೂ ಮೇಲೆ ಬಾಳಿದ್ದ ಹೆಂಗಸನ್ನು ಆಫ್ರಿಕಾಕ್ಕೆ ವಾಪಸ್ ಕಳಿಸಲಾಯಿತು. ಅವಳಿಗೆ ಆಗಸ್ಟೀನನಿಂದ ಹುಟ್ಟಿದ ಅದೆಯೊದಾತುಸ್ ಎಂಬ ಮಗನಿದ್ದ. ಅವನನ್ನು ತಂದೆಯ ಹತ್ತಿರ ಬಿಟ್ಟು ಹೋದಳು. ಅವಳ ಹೆಸರನ್ನು ಯಾರೂ ಬರೆದಿಡಲಿಲ್ಲ. ವಾಪಸ್ ಹೋಗುವಾಗ ಆ ತಾಯಿ ಏನು ಬೇಡಿಕೊಂಡಳೋ! ಅವಳ ಮಗನೂ ಅದೇ 387ರಲ್ಲಿ ತಂದೆಯ ಜೊತೆಗೇ ದೀಕ್ಷಾಸ್ನಾನ ಪಡೆದ. ನಾವು ಎಲ್ಲವನ್ನೂ ಮೋನಿಕಾಳ ಕಣ್ಣೀರಿನ ಲೆಕ್ಕಕ್ಕೇ ಬರೆದುಬಿಟ್ಟಿದ್ದೇವೆ.

ಹಾಗಾದರೆ ಪ್ರಾರ್ಥನೆಯಿಂದ ಆಗುವುದೇನು ಅಂತ ಕೇಳುತ್ತೀರಿ. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ ಏಳನೇ ಅಧ್ಯಾಯದಲ್ಲಿ, ಯೇಸು ನಮ್ಮ ಪರವಾಗಿ ಬೇಡುವುದಕ್ಕೆ ಸದಾ ಜೀವಿಸುತ್ತಾರೆ ಎಂದಿದೆ. ಅಂದರೆ ನಿಮ್ಮ ಮಗನಿಗಾಗಿ ಬೇಡುವುದನ್ನು ನೀವು ಹೊಸದಾಗಿ ಶುರು ಮಾಡಿದ್ದಲ್ಲ. ಅದು ಆಗಲೇ ನಡೆಯುತ್ತಿದೆ, ನೀವು ಹೋಗಿ ಪಕ್ಕದಲ್ಲಿ ಕೂತುಕೊಳ್ಳುತ್ತೀರಿ, ಅಷ್ಟೇ. ದೇವರು ಮಗನ ಕುತ್ತಿಗೆ ಹಿಡಿದು ಚರ್ಚಿಗೆ ತಂದು ಕೂರಿಸುವುದಿಲ್ಲ. ಹಾಗೆ ತಂದು ಕೂರಿಸಿದರೆ ಅದು ನಂಬಿಕೆಯೂ ಅಲ್ಲ.

ನಮ್ಮಮ್ಮ ನಾಲ್ಕೂವರೆಗೆ ಎದ್ದು, ಒಲೆ ಹಚ್ಚುವ ಮೊದಲು ಆರು ಮಕ್ಕಳ ಹೆಸರನ್ನು ಸಾಲಾಗಿ ಹೇಳುತ್ತಿದ್ದರು. ಕೊನೆಗೆ ಪಕ್ಕದ ಮನೆಯ ಹುಡುಗನ ಹೆಸರು. ಅವನು ನಮ್ಮ ಮನೆಯ ಮಾವಿನಕಾಯಿ ಕದಿಯುತ್ತಿದ್ದ. ಅವನ ಹೆಸರು ಯಾಕಮ್ಮ ಅಂತ ಕೇಳಿದ್ದಕ್ಕೆ, ‘ಹೆಸರು ಹೇಳಿದ ದಿನ ಬಯ್ಯೋಕೆ ಬಾಯಿ ಬರಲ್ಲ’ ಅಂದಿದ್ದರು.

ಮಗನಿಗೆ ಒಂಬತ್ತು ಗುರುವಾರದ ಸುದ್ದಿ ಹೇಳಲೇಬೇಡಿ. ಅದು ಅವನ ತಲೆ ಮೇಲೆ ಸಾಲ ಹೊರಿಸಿದ ಹಾಗೆ ಆಗುತ್ತದೆ. ಭಾನುವಾರ ಪೂಜೆ ಮುಗಿಸಿ ಬರುವಾಗ ಅವನಿಗೂ ದೋಸೆ ಕಟ್ಟಿಸಿಕೊಂಡು ಬನ್ನಿ, ಎದ್ದಿದ್ದೀಯಾ ಅಂತ ಕೇಳಿ, ಸಾಕು. ಆಗಸ್ಟ್ 27 ಮೋನಿಕಾಳ ಹಬ್ಬ, 28 ಮಗನ ಹಬ್ಬ. ಮಾರನೇ ದಿನ ಶಿವಾಜಿನಗರದ ಬಸಿಲಿಕದಲ್ಲಿ ಮರಿಯಮ್ಮನವರ ಹಬ್ಬಕ್ಕೆ ಬಾವುಟ ಏರುತ್ತದೆ. ಈ ಸಲ ಅಲ್ಲಿಗೆ ಹೋದರೆ, ಸೀರೆ ಉಟ್ಟು ನಿಂತಿರುವ ಆ ತಾಯಿಯ ಮುಂದೆ ಏನೂ ಕೇಳದೆ ಸುಮ್ನೆ ಸ್ವಲ್ಪ ಹೊತ್ತು ಇದ್ದು ಬನ್ನಿ.

ಪ್ರಶ್ನೆ: ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಬೆಳಿಗ್ಗೆ ಏಳಕ್ಕೆ ಮನೆ ಬಿಡಬೇಕು. ಇಬ್ಬರು ಹೆಣ್ಣುಮಕ್ಕಳು, ಅವರಿಗಾಗಿ ಮಂಡಿಯೂರಿ ಪ್ರಾರ್ಥಿಸುವುದಕ್ಕೂ ಪುರುಸೊತ್ತಿಲ್ಲ. ಬಸ್ಸಿನಲ್ಲಿ ನಿಂತು ಮನಸ್ಸಲ್ಲೇ ಹೇಳಿಕೊಂಡರೆ ಲೆಕ್ಕಕ್ಕೆ ಬರುತ್ತಾ?
(ಸುಂಕದಕಟ್ಟೆ)

ಬರುತ್ತೆ. ಬೈಬಲಿನಲ್ಲಿ ಸಮುವೇಲನ ಮೊದಲನೇ ಗ್ರಂಥ ತೆಗೆದು ನೋಡಿ. ಹನ್ನಳು ಮಗುವಿಗಾಗಿ ಪ್ರಾರ್ಥಿಸುವಾಗ ದನಿಯೇ ಹೊರಡಲಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು. ಯಾಜಕ ಏಲಿ ನೋಡಿ, ಕುಡಿದು ಬಂದಿದ್ದಾಳೆ ಅಂದುಕೊಂಡ. ಹಾಗಾಗಿ ಬಸ್ಸಿನಲ್ಲಿ ಪಕ್ಕದವರು ವಿಚಿತ್ರವಾಗಿ ನೋಡಿದರೆ ಬೇಜಾರು ಮಾಡಿಕೊಳ್ಳಬೇಡಿ.

ಅದೇ ಹನ್ನಳು ಮಗ ಹುಟ್ಟಿ ಹಾಲು ಬಿಟ್ಟ ಮೇಲೆ ಅವನನ್ನು ದೇವರ ಸೇವೆಗೆ ಬಿಟ್ಟು ಬಂದಳು. ಆಮೇಲೆ ಪ್ರತಿ ವರ್ಷ ಒಂದು ಚಿಕ್ಕ ನಿಲುವಂಗಿ ಹೊಲಿದು ತೆಗೆದುಕೊಂಡು ಹೋಗುತ್ತಿದ್ದಳು. ಮಗ ಕಣ್ಣ ಮುಂದೆ ಇಲ್ಲ, ಅಳತೆ ಸಿಗುವುದಿಲ್ಲ. ಈ ವರ್ಷ ಎಷ್ಟು ಬೆಳೆದಿರಬಹುದು, ತೋಳು ಎಷ್ಟು ಉದ್ದ ಬಿಡಬೇಕು ಅಂತ ಅಂದಾಜಿನ ಮೇಲೇ ಹೊಲಿದಿರಬೇಕು ಅಲ್ವಾ? ದಿನವಿಡೀ ಮಿಷನ್ ಮುಂದೆ ಕೂರುವ ನಿಮಗೆ ಅದರ ಕಷ್ಟ ನನಗಿಂತ ಚೆನ್ನಾಗಿ ಗೊತ್ತು. ನನ್ನ ಲೆಕ್ಕದಲ್ಲಿ ಅವಳ ಬಾಯಿಪ್ರಾರ್ಥನೆಗಿಂತ ಆ ಹೊಲಿಗೆ ಕಡಿಮೆಯೇನಲ್ಲ. ಬಸ್ ಹತ್ತಿದಾಗ ದೊಡ್ಡವಳ ಹೆಸರು, ಇಳಿಯುವಾಗ ಚಿಕ್ಕವಳ ಹೆಸರು ಹೇಳಿ. ಅಷ್ಟು ಸಾಕು.

ಪ್ರಶ್ನೆ: ಮಗ ಕುಡಿತಕ್ಕೆ ಬಿದ್ದಿದ್ದಾನೆ. ಆಸ್ಪತ್ರೆಗೆ ಸೇರಿಸೋಣ ಅಂದುಕೊಂಡಿದ್ದೆ. ತಾಯಿ ಉಪವಾಸ ಮಾಡಿ ಪ್ರಾರ್ಥಿಸಿದರೆ ಸಾಕು, ಆಸ್ಪತ್ರೆಗೆ ಹೋದರೆ ನಂಬಿಕೆ ಇಲ್ಲ ಅಂತ ಅರ್ಥ ಎಂದು ಪ್ರಾರ್ಥನಾ ಕೂಟದಲ್ಲಿ ಒಬ್ಬರು ಹೇಳಿದರು.
(ಸಿಎಸ್‌ಐ ಸಭೆಯ ಒಬ್ಬ ತಾಯಿ)

ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ನಾಳೆಯೇ ಕರೆದುಕೊಂಡು ಹೋಗಿ. ನಮ್ಮ ನಿಮ್ಹಾನ್ಸ್‌ನಲ್ಲಿ ಕುಡಿತದ ಚಟ ಬಿಡಿಸುವುದಕ್ಕೇ ಪ್ರತ್ಯೇಕ ವಿಭಾಗ ಇದೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಮನೆಯಲ್ಲಿ ಬಾಗಿಲು ಹಾಕಿ ಪ್ರಾರ್ಥಿಸುವ ಕೆಲಸ ಅಲ್ಲ ಇದು.

ಸುವಾರ್ತೆ ಬರೆದ ಲೂಕನನ್ನು ಪೌಲ ‘ಪ್ರಿಯ ವೈದ್ಯ’ ಎಂದು ಕರೆಯುತ್ತಾನೆ. ಯೇಸು ಹೇಳಿದ ಕಥೆಯ ಸಮಾರ್ಯದವನು ದಾರಿಯಲ್ಲಿ ಗಾಯಗೊಂಡವನನ್ನು ಕಂಡಾಗ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ಛತ್ರಕ್ಕೆ ಒಯ್ದ, ಖರ್ಚಿಗೆ ದುಡ್ಡೂ ಕೊಟ್ಟ. ನಿಮ್ಮ ನಂಬಿಕೆ ಸಾಲದು, ಅದಕ್ಕೇ ಮಗ ಹೀಗೆ ಅಂತ ತಾಯಿಗೆ ಹೇಳುವುದು ಕ್ರೂರ. ರಾಜ ದಾವೀದನು ಏಳು ದಿನ ಉಪವಾಸ ಮಾಡಿ ನೆಲದ ಮೇಲೆ ಬಿದ್ದುಕೊಂಡು ಬೇಡಿದರೂ ಅವನ ಮಗು ಉಳಿಯಲಿಲ್ಲ. ಉಪವಾಸ ಮಾಡಲೇಬೇಕು ಅನ್ನಿಸಿದರೆ ಮಾಡಿ, ಆದರೆ ಆಸ್ಪತ್ರೆಗೆ ಹೋಗುವ ದಿನ ಬೇಡ. ಚೀಟಿ ಬರೆಸೋಕೆ ಕ್ಯೂ ಉದ್ದ ಇರುತ್ತದೆ, ತಿಂಡಿ ತಿಂದು ಹೋಗಿ.

ಪ್ರಶ್ನೆ: ನಾನು ಎರಡನೇ ಪಿಯುಸಿ. ನಮ್ಮಮ್ಮ ಪ್ರಾರ್ಥನಾ ಗುಂಪಿನಲ್ಲಿ ನನ್ನ ಹೆಸರು ಹೇಳಿ ನನ್ನ ಮಾರ್ಕ್ಸು, ನನ್ನ ಫ್ರೆಂಡ್ಸು ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ವಾಟ್ಸಾಪ್‌ಗೂ ಹಾಕುತ್ತಾರೆ. ಚರ್ಚಿಗೆ ಹೋಗಲು ನಾಚಿಕೆ ಆಗುತ್ತದೆ.
(ಒಬ್ಬ ಮಗಳು)

ನಿನ್ನ ನಾಚಿಕೆ ನ್ಯಾಯವಾದದ್ದೇ ಪುಟ್ಟ. ಈ ಉತ್ತರವನ್ನು ಅಮ್ಮನಿಗೆ ತೋರಿಸು.

ಅಮ್ಮ, 1995ರಲ್ಲಿ ಇಂಗ್ಲೆಂಡಿನಲ್ಲಿ ತಾಯಂದಿರ ಪ್ರಾರ್ಥನಾ ಗುಂಪುಗಳು ಶುರುವಾದವು, ಈಗ ಎಷ್ಟೋ ದೇಶಗಳಲ್ಲಿವೆ. ಮಕ್ಕಳ ಹೆಸರನ್ನು ದುಂಡಗಿನ ಕಾಗದದ ಮೇಲೆ ಬರೆದು, ಶಿಲುಬೆಯ ಬುಡದಲ್ಲಿರುವ ಬುಟ್ಟಿಗೆ ಹಾಕುತ್ತಾರೆ. ಹೆಸರು ಮಾತ್ರ. ಗುಂಪಿನಲ್ಲಿ ಯಾರಾದರೂ ಏನಾದರೂ ಹೇಳಿಕೊಂಡರೆ ಅದು ಹೊರಗೆ ಹೋಗಕೂಡದು, ಒಬ್ಬರಿಗೊಬ್ಬರು ಬುದ್ಧಿ ಹೇಳಕೂಡದು ಎಂಬ ನಿಯಮ ಬೇರೆ. ಕಾನಾ ಊರಿನ ಮದುವೆಯಲ್ಲಿ ಮರಿಯಮ್ಮನವರು ಮಗನಿಗೆ ‘ಅವರಲ್ಲಿ ದ್ರಾಕ್ಷಾರಸ ಇಲ್ಲ’ ಅಂದರೇ ಹೊರತು, ಯಾರ ತಪ್ಪಿನಿಂದ ಕಡಿಮೆ ಬಿತ್ತು ಅಂತ ಊರಿಗೆಲ್ಲ ಸಾರಲಿಲ್ಲ. ಮಗಳ ಮಾರ್ಕ್ಸ್ ದೇವರಿಗೆ ಗೊತ್ತಿದೆ. ಗುಂಪಿನವರಿಗೆ ಗೊತ್ತಾಗಬೇಕಿಲ್ಲ.

ಪ್ರಶ್ನೆ: ಎಲ್ಲರೂ ತಾಯಿಯ ಪ್ರಾರ್ಥನೆ ಅಂತಾರೆ. ಅಪ್ಪ ಮಾಡಿದರೆ ಅದಕ್ಕೆ ತೂಕ ಕಡಿಮೆಯಾ? ನನಗೆ ಮಾತು ಜೋಡಿಸಿ ಪ್ರಾರ್ಥಿಸಲು ಬರುವುದಿಲ್ಲ. ಆರು ವರ್ಷದ ಮಗಳಿದ್ದಾಳೆ.
(ಒಬ್ಬ ತಂದೆ, ಯಲಹಂಕ)

ಯಾರು ಹೇಳಿದ್ದು? ಬೈಬಲಿನ ಯೋಬನು ಬೆಳಗಿನ ಜಾವ ಎದ್ದು ಒಬ್ಬೊಬ್ಬ ಮಗುವಿನ ಹೆಸರಿನಲ್ಲೂ ಹೋಮಬಲಿ ಕೊಡುತ್ತಿದ್ದ. ಮಾರ್ಕನ ಒಂಬತ್ತನೇ ಅಧ್ಯಾಯದಲ್ಲಿ ಒಬ್ಬ ಅಪ್ಪ ಕಾಯಿಲೆಯ ಮಗನನ್ನು ಯೇಸುವಿನ ಹತ್ತಿರ ಕರೆತರುತ್ತಾನೆ, ಅವನದೂ ಜೋಡಿಸಿದ ಪ್ರಾರ್ಥನೆಯಲ್ಲ. ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಅಂತಾನೆ. ಅಷ್ಟಕ್ಕೇ ಅವನ ಮಗ ಗುಣವಾದ.

ರಾತ್ರಿ ಕೆಲಸದಿಂದ ಬಂದಾಗ ಮಗಳ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕಿ. ನಿದ್ದೆ ಹೋಗಿದ್ದರೂ ಪರವಾಗಿಲ್ಲ. ಎಚ್ಚರ ಇದ್ದರೆ ಅವಳೂ ನಿಮ್ಮ ಹಣೆಗೆ ಹಾಕುತ್ತಾಳೆ, ಬಗ್ಗಿ ಕೊಡಿ.