ಅರಚಾಟದ ಕೆಳಗಿನ ರಾಗ

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ನಾವು ಮೆಚ್ಚಿ ಬರೆದಿದ್ದ, ಅಮೆರಿಕದ ‘ರೈಟ್ಸ್ ಆಫ್ ಸ್ಪ್ರಿಂಗ್’ ಎಂಬ ಪಂಕ್ ರಾಕ್ ತಂಡದ 1985ರ ಆಲ್ಬಮ್ಮನ್ನು ನೀವು ಎರಡು ಸಲ ಕೇಳಿದಿರಂತೆ. ‘ಬರೀ ಅರಚಾಟ. ನೀವು ಹೊಗಳಿದ ಇಂಪು ಎಲ್ಲಿದೆ, ತೋರಿಸಿ’ ಎಂದು ಕೇಳಿದ್ದೀರಿ. ತೋರಿಸಲು ಪ್ರಯತ್ನಿಸುತ್ತೇನೆ.

ಮೊದಲು ಒಂದು ಮಾತು ಒಪ್ಪಿಬಿಡುತ್ತೇನೆ. ‘ಇಂಪಾದ’ ಎಂದು ಬರೆದು ಸುಮ್ಮನಾದದ್ದು ನಮ್ಮ ತಪ್ಪು. ಆ ಇಂಪು ಕಂಠದಲ್ಲಿಲ್ಲ ಎಂದೂ ಹೇಳಬೇಕಿತ್ತು.

ಹಾಡಿನ ಧಾಟಿಯನ್ನು ಹಾಡುಗಾರರೇ ಹೊರಬೇಕು, ವಾದ್ಯಗಳು ಆಸರೆ ಕೊಟ್ಟರೆ ಸಾಕು ಎಂಬ ರೂಢಿಯನ್ನು ಪೋಸ್ಟ್ ಪಂಕ್, ಅಂದರೆ ಪಂಕ್ ರಾಕಿನ ಬೆನ್ನಿಗೇ ಬಂದ ಸಂಗೀತ, ಆಗಲೇ ಮುರಿದಿತ್ತು. ಇಂಗ್ಲೆಂಡಿನ ಜಾಯ್ ಡಿವಿಷನ್ ತಂಡದ ಪೀಟರ್ ಹುಕ್, ತಗ್ಗಿನ ಸ್ವರಗಳಿಗೆಂದೇ ಇರುವ ಬೇಸ್ ಗಿಟಾರಿನಲ್ಲಿ ಮೇಲಿನ ಸ್ವರಗಳನ್ನೇ ನುಡಿಸುತ್ತಿದ್ದರು. ಪಕ್ಕದ ಗಿಟಾರಿನ ಅಬ್ಬರದಲ್ಲಿ ಕೆಳಗಿನ ಸ್ವರಗಳು ಅವರಿಗೇ ಕೇಳಿಸುತ್ತಿರಲಿಲ್ಲ! ಹೀಗೆ ಬೇರೆ ದಾರಿಯಿಲ್ಲದೆ ಹಿಡಿದ ಸ್ವರಗಳೇ ಆ ತಂಡದ ಗುರುತಾದವು.

ರೈಟ್ಸ್ ಆಫ್ ಸ್ಪ್ರಿಂಗ್ ಬಂದದ್ದು ವಾಷಿಂಗ್ಟನ್ನಿನ ಹಾರ್ಡ್‌ಕೋರ್ ಪಂಕ್ ವಲಯದಿಂದ. ಒಂದೆರಡು ನಿಮಿಷದಲ್ಲಿ ಮುಗಿದುಹೋಗುವ, ಸಿಟ್ಟನ್ನು ಹೊರಕ್ಕೆ ಎಸೆಯುವ ಹಾಡುಗಳ ಲೋಕ ಅದು. ಸಂಗೀತ ಕಛೇರಿಗಳಲ್ಲಿ ಹೊಡೆದಾಟ ಹೆಚ್ಚಿ, ಬೇಸತ್ತ ಗೆಳೆಯರು 1985ರ ಬೇಸಿಗೆಯನ್ನು ‘ರೆವಲ್ಯೂಷನ್ ಸಮ್ಮರ್’ ಎಂದು ಕರೆದು ಬೇರೆ ಹಾದಿ ಹಿಡಿದರು. ಈ ತಂಡ ಹಾರ್ಡ್‌ಕೋರಿನ ವೇಗವನ್ನು ಬಿಡಲಿಲ್ಲ, ಸಿಟ್ಟನ್ನು ಮಾತ್ರ ಒಳಕ್ಕೆ ತಿರುಗಿಸಿತು. ಹಾಡುಗಾರ ಗೀ ಪಿಚಿಯೊಟ್ಟೊ ಅವರ ದನಿ ಒಡೆಯುವುದು ಯಾರನ್ನೋ ಬೈಯುವಾಗ ಅಲ್ಲ, ಕಳೆದುಕೊಂಡದ್ದನ್ನು ನೆನೆಯುವಾಗ. ನಿಮಗೆ ಅರಚಾಟವಾಗಿ ಕೇಳಿಸಿದ್ದು ನನಗೆ ಬಿಕ್ಕಿ ಅಳುವ ದನಿಯಾಗಿ ಕೇಳಿಸುತ್ತದೆ. (‘ಎಮೋಷನಲ್’ ಎಂಬುದನ್ನು ಮೊಟಕುಗೊಳಿಸಿದ ‘ಎಮೋ’ ಎಂಬ ಹೆಸರು ಈ ತಂಡಕ್ಕೆ ಅಂಟಿಕೊಂಡದ್ದು ಇದರಿಂದಲೇ. ಪಿಚಿಯೊಟ್ಟೊ ಅದನ್ನು ಒಪ್ಪಿಕೊಂಡವರಲ್ಲ.)

ಈಗ ಮೂರನೆಯ ಸಲ ಕೇಳಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಬೇಡ, ತಗ್ಗಿನ ಸ್ವರಗಳು ಅದರಲ್ಲಿ ಸತ್ತೇ ಹೋಗುತ್ತವೆ. ಹೆಡ್‌ಫೋನ್ ಹಾಕಿಕೊಂಡು, ಹಾಡಿನ ಮಾತುಗಳನ್ನು ಅವುಗಳ ಪಾಡಿಗೆ ಬಿಟ್ಟು, ಮೈಕ್ ಫೆಲೋಸ್ ಅವರ ಬೇಸ್ ಒಂದನ್ನೇ ಹಿಂಬಾಲಿಸಿ. ಅದು ತಾಳ ಹಿಡಿದು ನಿಲ್ಲುವುದಿಲ್ಲ, ಗಿಟಾರುಗಳ ನಡುವೆ ಏರುತ್ತ ಇಳಿಯುತ್ತ ತನ್ನದೇ ಹಾಡು ಹೇಳುತ್ತದೆ. ಬ್ರೆಂಡನ್ ಕ್ಯಾಂಟಿ ಅವರ ಡ್ರಮ್ಸ್ ಎಷ್ಟೇ ಅಟ್ಟಿಸಿಕೊಂಡು ಬಂದರೂ ಆ ಎಳೆ ಕಡಿಯುವುದಿಲ್ಲ. ಅದು ಒಮ್ಮೆ ಕಿವಿಗೆ ಸಿಕ್ಕಿತೆಂದರೆ, ಆ ಒಡೆದ ದನಿ ಯಾವುದನ್ನು ತಲುಪಲು ಒದ್ದಾಡುತ್ತಿದೆ ಎನ್ನುವುದೂ ತಿಳಿಯುತ್ತದೆ.

ಆಲ್ಬಮ್ಮಿನ ಮೂಲ ಎಲ್‌ಪಿ ತಟ್ಟೆಯ ಕೊನೆಯ ಹಾಡು ಏಳು ನಿಮಿಷ ಮೀರುತ್ತದೆ. ಅರ್ಧಕ್ಕೆ ನಿಲ್ಲಿಸಬೇಡಿ. ಆಮೇಲೂ ಇಷ್ಟವಾಗದಿದ್ದರೆ ಹಾಗೆಯೇ ಬರೆಯಿರಿ, ಅದನ್ನೂ ಪ್ರಕಟಿಸುತ್ತೇನೆ.

– ಸಂ.