ಸರ್ಕಾರ ಬದಲಾದರೂ ಎಂಎಲ್‌ಎ ಯಾಕೆ ಬದಲಾಗಲ್ಲ?

ಪ್ರಶ್ನೆ: ಕರ್ನಾಟಕದಲ್ಲಿ ಆಡಳಿತ ಪಕ್ಷ ಮತ್ತೆ ಗೆಲ್ಲಲ್ಲ ಅಂತಾರೆ. ಆದರೆ ಬೆಂಗಳೂರಿನಲ್ಲಿ ಕೆಲವು ಎಂಎಲ್‌ಎಗಳು ಸೋಲೋದೇ ಇಲ್ಲ. ಹಾಗಿದ್ದರೆ ಸುಮ್ನೆ ಕ್ಯೂ ನಿಂತು ವೋಟು ಯಾಕೆ ಹಾಕಬೇಕು? (ಓದುಗರು, ವಿಜಯನಗರ)

ಉತ್ತರ: ಎರಡೂ ನಿಜ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ ಅಧಿಕಾರ ಉಳಿಸಿಕೊಂಡಿದ್ದೇ ಕೊನೆ. ಆದರೆ ಬಿಟಿಎಂ ಲೇಔಟ್‌ನಲ್ಲಿ ಕಾಂಗ್ರೆಸ್‌ನ ರಾಮಲಿಂಗಾ ರೆಡ್ಡಿ, ಮಲ್ಲೇಶ್ವರದಲ್ಲಿ ಬಿಜೆಪಿಯ ಅಶ್ವತ್ಥನಾರಾಯಣ 2008ರಿಂದ 2023ರವರೆಗೆ ನಾಲ್ಕೂ ಚುನಾವಣೆ ಗೆದ್ದರು. ಗಾಳಿ ಯಾವ ಕಡೆ ಬೀಸಿದರೂ ಇವರಿಗೆ ತಾಗಲಿಲ್ಲ.

ಯಾಕೆ ಅಂದರೆ, ಶಾಸಕರ ಅನುದಾನ ವರ್ಷಕ್ಕೆ 2 ಕೋಟಿ. ಐದು ವರ್ಷಕ್ಕೆ 10 ಕೋಟಿ. ಎದುರಾಳಿ ಕಾನೂನಿನ ಪ್ರಕಾರ ಚುನಾವಣೆಗೆ ಖರ್ಚು ಮಾಡಬಹುದಾದದ್ದು 40 ಲಕ್ಷ. ಅನುದಾನ ಪ್ರಚಾರದ ದುಡ್ಡಲ್ಲ, ಒಪ್ಪೋಣ. ಆದರೆ ಗುದ್ದಲಿ ಪೂಜೆಯ ಫ್ಲೆಕ್ಸ್‌ನಲ್ಲಿ, ಬಸ್ ಸ್ಟಾಪಿನ ನೆತ್ತಿಯ ಮೇಲೆ, ಪಾರ್ಕಿನ ಕಲ್ಲುಬೆಂಚಿನ ಬೆನ್ನಿಗೂ 'ಮಾನ್ಯ ಶಾಸಕರ ಅನುದಾನದಲ್ಲಿ' ಅಂತ ಬರೆಸಿರುತ್ತಾರೆ, ಐದು ವರ್ಷವೂ ಅದನ್ನು ನೋಡಿಕೊಂಡೇ ನಾವು ಓಡಾಡುತ್ತೇವೆ.

ನನಗೆ ಇದಕ್ಕಿಂತ ಜಾಸ್ತಿ ಬೇಜಾರಾಗುವ ವಿಷಯ ಇನ್ನೊಂದಿದೆ. ಬಿಬಿಎಂಪಿ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. 2023ರ ವಿಧಾನಸಭೆ ಚುನಾವಣೆ ಬಂದಾಗ ಊರಿಗೆ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ! ಮೋರಿ ಕಟ್ಟಿದರೂ, ಬೀದಿದೀಪ ಕೆಟ್ಟರೂ, ವಿಧವಾ ವೇತನ ನಿಂತರೂ ಜನ ಬೆಳಿಗ್ಗೆ ಎಂಎಲ್‌ಎ ಆಫೀಸಿಗೇ ಹೋಗಬೇಕಾಯಿತು. ಅಲ್ಲಿನ ಪಿಎ ಒಂದು ಫೋನ್ ಮಾಡಿದರೆ ಕೆಲಸ ಆಗುತ್ತದೆ, ಆ ಋಣ ವೋಟಾಗುತ್ತದೆ. ಕಾನೂನು ಮಾಡಬೇಕಾದವರು ಮೋರಿ ನೋಡಿಕೊಂಡು ಗೆಲ್ಲುವುದು ಸರಿಯಲ್ಲ. ವಾರ್ಡಿನಲ್ಲಿ ಹೊಸ ನಾಯಕರು ಬೆಳೆಯುವ ದಾರಿಯೂ ಇದರಿಂದ ಮುಚ್ಚಿಹೋಗುತ್ತದೆ, ಅಲ್ವಾ?

ಈ ಬಲ ಇರುವುದು ಕ್ಷೇತ್ರದಲ್ಲಿ, ಆಳಿನ ಜೊತೆ ಅದು ಬರುವುದಿಲ್ಲ. ಗೋವಿಂದರಾಜನಗರದ ಶಾಸಕರಾಗಿ ಸಚಿವರೂ ಆಗಿದ್ದ ವಿ. ಸೋಮಣ್ಣ 2023ರಲ್ಲಿ ಕ್ಷೇತ್ರ ಬಿಟ್ಟು ವರುಣಾ, ಚಾಮರಾಜನಗರ ಎರಡರಲ್ಲೂ ನಿಂತರು, ಎರಡೂ ಕಡೆ ಸೋತರು. 2018ರಲ್ಲಿ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರೇ ವರುಣಾ ಬಿಟ್ಟು ಚಾಮುಂಡೇಶ್ವರಿಗೆ ಹೋಗಿ ಸೋತರು.

ಇನ್ನು ನಿಮ್ಮ ಕ್ಯೂ ವಿಷಯ. ದಯವಿಟ್ಟು ನಿಲ್ಲಿ. 1999ರಿಂದ ಗಾಂಧಿನಗರ ಗೆಲ್ಲುತ್ತಾ ಬಂದ ದಿನೇಶ್ ಗುಂಡೂರಾವ್ 2023ರಲ್ಲಿ ಉಳಿದದ್ದು 105 ಮತಗಳಿಂದ. ಅದೇ ಚುನಾವಣೆಯಲ್ಲಿ ಜಯನಗರದ ಹಾಲಿ ಶಾಸಕಿ ಸೌಮ್ಯಾ ರೆಡ್ಡಿ ಮರುಎಣಿಕೆಯಾದ ಮೇಲೆ ಸೋತದ್ದು ಬರೀ 16 ಮತಗಳಿಂದ. ಒಂದು ಅಪಾರ್ಟ್‌ಮೆಂಟಿನ ಒಂದೇ ಮಹಡಿಯವರು ಹೋಗಿ ಹಾಕಿದ್ದರೂ ಫಲಿತಾಂಶ ತಿರುಗಿಬೀಳುತ್ತಿತ್ತು.