ಬಂಪರ್ ಗೀರಿಗೆ ಪೂರ್ತಿ ಪೇಂಟ್ ಬೇಕಾ?

ಕಂಬಕ್ಕೆ ಉಜ್ಜಿ ಮುಂದಿನ ಬಂಪರ್ ಮೂಲೆಯಲ್ಲಿ ಬಿಳಿ ಗೀರು ಬಿದ್ದಿದೆ, ಪೂರ್ತಿ ಪೇಂಟ್ ಮಾಡಿಸಬೇಕಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಮೊದಲು ಕಾರ್ ಶಾಂಪೂ ಹಾಕಿ ತೊಳೆಯಿರಿ. ಮರಳಿನ ಕಣ ಉಳಿದರೆ ಉಜ್ಜುವಾಗ ಹೊಸ ಗೀರು ಬೀಳುತ್ತದೆ. ಆಮೇಲೆ ಗೀರಿಗೆ ಅಡ್ಡಲಾಗಿ ಉಗುರು ಎಳೆದು ನೋಡಿ. ಸಿಕ್ಕಿಕೊಳ್ಳದಿದ್ದರೆ ಬಹುಶಃ ಕಂಬದ ಬಣ್ಣವೇ ಅಂಟಿರುತ್ತದೆ, ಅಥವಾ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಮೇಲಿನ ಗೀರು ಅಷ್ಟೇ. ಮೈಕ್ರೋಫೈಬರ್ ಬಟ್ಟೆಗೆ ಚೂರು ರಬ್ಬಿಂಗ್ ಕಾಂಪೌಂಡ್ (ಗೀರು ತಿಕ್ಕಿ ತೆಗೆಯುವ ಪೇಸ್ಟ್) ಹಾಕಿ ಹಗುರವಾಗಿ ತಿಕ್ಕಿ. ಜಾಸ್ತಿ ಬೇಡ, ಅಂಚಿನಲ್ಲಿ ಇರೋ ಬಣ್ಣವೂ ಎದ್ದುಬಿಡುತ್ತದೆ. ಕಪ್ಪು ಪ್ಲಾಸ್ಟಿಕ್ ಕಾಣುತ್ತಿದ್ದರೆ ಮಾತ್ರ ಟಚ್‌ಅಪ್ ಪೆನ್ (ಗೀರಿಗೆ ಬಣ್ಣ ಹಚ್ಚುವ ಪೆನ್) ತಗೊಳ್ಳಿ, ನಿಮ್ಮ ಕಾರಿನ ಬಣ್ಣದ ಕೋಡ್ ಹೆಚ್ಚಾಗಿ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುತ್ತದೆ. ಪ್ಲಾಸ್ಟಿಕ್ ತುಕ್ಕು ಹಿಡಿಯುವುದಿಲ್ಲ ಅಲ್ವಾ, ಅವಸರವೇನಿಲ್ಲ. ಬಿರುಕು ಬಿಟ್ಟಿದ್ದರೆ, ಬಂಪರ್ ಹಿಡಿದಿಡುವ ಕ್ಲಿಪ್ ಸಡಿಲವಾಗಿದ್ದರೆ ಮಾತ್ರ ಗ್ಯಾರೇಜಿಗೆ ಹೋಗಿ.